ಕಿಟಕಿ ಗಾಜಿಗೂ ಕೋಟಿಂಗ್: ಬಿಸಿಲು ತಡೆಯುವ ಗಾಜು ದಾವಣಗೆರೆ ಮನೆಗೆ ಬೇಕಾ?

ದಾವಣಗೆರೆಯಲ್ಲಿ ಈಗ ಮನೆ ಕಟ್ಟಿಸುತ್ತಿರುವವರನ್ನು ಕೇಳಿ ನೋಡಿ, ಕಿಟಕಿ ವಿಷಯ ಬಂದ ಕೂಡಲೇ ತಲೆ ಕೆರೆದುಕೊಳ್ಳುತ್ತಾರೆ. ಮೊದಲೆಲ್ಲ ಈ ತಲೆನೋವು ಇರಲಿಲ್ಲ. ಬಡಗಿ ಹತ್ತಿರ ಚೌಕಟ್ಟು ಮಾಡಿಸಿ, ಗಾಜಿನ ಅಂಗಡಿಯಲ್ಲಿ 4 ಎಂಎಂ ಗಾಜು ಕತ್ತರಿಸಿ ತಂದು, ಮರದ ಪಟ್ಟಿ ಹೊಡೆದರೆ ಮುಗೀತು. ಈಗ ಯುಪಿವಿಸಿ ಕಿಟಕಿಯವರು ಕೊಡುವ ಕೊಟೇಶನ್ ಬಿಡಿಸಿದರೆ ಒಂದೇ ಕಿಟಕಿಗೆ ಮೂರು ರೇಟು ಇರುತ್ತದೆ: '5 ಎಂಎಂ ಕ್ಲಿಯರ್ ಟಫನ್ಡ್', '6 ಎಂಎಂ ಸೋಲಾರ್ ಕಂಟ್ರೋಲ್', '6-12-6 ಡಿಜಿಯು ಲೋ-ಇ'. (ಟಫನ್ಡ್ ಅಂದರೆ ಕಾಯಿಸಿ ಗಟ್ಟಿ ಮಾಡಿದ ಗಾಜು, ಡಿಜಿಯು ಅಂದರೆ ಎರಡು ಗಾಜಿನ ಜೋಡಿ; ಉಳಿದದ್ದು ಮುಂದೆ ನೋಡೋಣ.) ಸಾಲು ಕೆಳಗಿಳಿದಂತೆ ರೇಟು ಮೇಲೇರುತ್ತದೆ. ಏನ್ರೀ ಇದು ಅಂದರೆ, "ಕೋಟಿಂಗ್ ಇರೋ ಗ್ಲಾಸ್ ಸರ್, ಬಿಸ್ಲು ಒಳಗೇ ಬರಲ್ಲ, ಹಾಕ್ಸಿಬಿಡ್ರಿ" ಅನ್ನುವಲ್ಲಿಗೆ ವಿವರಣೆ ಮುಗಿಯುತ್ತದೆ.

ಇತ್ತ ಮನೆಗಳ ನಕ್ಷೆಯೂ ಬದಲಾಗಿದೆ. ಎಸ್.ಎಸ್. ಲೇಔಟ್ ಕಡೆ, ಶಾಮನೂರು ರಸ್ತೆ ಕಡೆ ಹೊಸ ಮನೆಗಳ ಮುಂಭಾಗ ನೋಡಿದರೆ ಮೆಟ್ಟಿಲ ಪಕ್ಕ ಎರಡು ಅಂತಸ್ತಿನ ಗಾಜು, ಹಾಲ್‌ಗೆ ಗೋಡೆಯಗಲದ ಸ್ಲೈಡಿಂಗ್. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಅಂಥ ಹಾಲ್‌ನಲ್ಲಿ ಫ್ಯಾನ್ ಹಾಕಿದರೆ ಬಿಸಿಗಾಳಿಯೇ ಸುತ್ತುತ್ತದೆ. ಹಾಗಾಗಿ ಕೋಟಿಂಗ್ ಗಾಜಿನ ಪ್ರಶ್ನೆ ಈಗ ಆಫೀಸು, ಮಾಲ್‌ಗಳದ್ದು ಮಾತ್ರ ಅಲ್ಲ, 30-40 ಸೈಟಿನ ಮನೆಯದ್ದೂ ಹೌದು.

ಮೊದಲೇ ಒಂದು ಮಾತು. ಈ ಗಾಜು ಸುಳ್ಳಲ್ಲ, ಕೆಲಸ ಮಾಡುತ್ತದೆ. ಆದರೆ ಎಲ್ಲ ಕೋಟಿಂಗೂ ಒಂದೇ ಕೆಲಸ ಮಾಡುವುದಿಲ್ಲ. ಹಿಮ ಬೀಳುವ ದೇಶಕ್ಕೆ ಬೇಕಾದ ಗಾಜು, ನಮ್ಮಂಥ ಬಿಸಿಲೂರಿಗೆ ಬೇಕಾದ ಗಾಜು ಎರಡೂ 'ಲೋ-ಇ' ಅನ್ನುವ ಒಂದೇ ಹೆಸರಿನಲ್ಲಿ ಮಾರಾಟವಾಗುತ್ತವೆ. ಹೆಸರು ನೋಡಿ ದುಡ್ಡು ಕೊಟ್ಟರೆ ಕಷ್ಟ, ಅದರ ಹಿಂದಿರುವ ಸಂಖ್ಯೆ ನೋಡಬೇಕು. ಯಾವ ಸಂಖ್ಯೆ, ಯಾಕೆ ಅನ್ನುವುದನ್ನು ಬುಡದಿಂದ ನೋಡೋಣ.

ಬಿಸಿಲು ಅಂದರೆ ಬರೀ ಬೆಳಕಲ್ಲ

ಸೂರ್ಯನಿಂದ ನೆಲಕ್ಕೆ ಬಂದು ಬೀಳುವ ಶಕ್ತಿಯನ್ನು ನೂರು ಪಾಲು ಮಾಡಿಕೊಳ್ಳಿ. ಕಣ್ಣಿಗೆ ಕಾಣುವ ಬೆಳಕು ಅದರಲ್ಲಿ ಅರ್ಧಕ್ಕಿಂತ ಸ್ವಲ್ಪ ಕಡಿಮೆ, ಸುಮಾರು 45 ಪಾಲು. ಒಂದು 5 ಪಾಲು ನೇರಳಾತೀತ ಕಿರಣ, ಅಂದರೆ ಯುವಿ. ಉಳಿದ 50 ಪಾಲು ಇನ್‌ಫ್ರಾರೆಡ್. ಇದು ಕಣ್ಣಿಗೆ ಕಾಣುವುದಿಲ್ಲ, ಚರ್ಮಕ್ಕೆ ಬಿಸಿಯಾಗಿ ಗೊತ್ತಾಗುತ್ತದೆ.

ಸಾದಾ ಗಾಜಿಗೆ ಈ ಭೇದ ಗೊತ್ತಿಲ್ಲ. ಬೆಳಕನ್ನೂ ಬಿಡುತ್ತದೆ, ಸೂರ್ಯನ ಇನ್‌ಫ್ರಾರೆಡ್ಡನ್ನೂ ಬಹುಪಾಲು ಬಿಡುತ್ತದೆ. ಒಳಗೆ ಬಂದದ್ದು ನೆಲ, ಸೋಫಾ, ಗೋಡೆಗೆ ಬಿದ್ದು ಅವನ್ನು ಕಾಯಿಸುತ್ತದೆ. ಬೆಳಕು ಕೂಡ ಕೊನೆಗೆ ಕಾವೇ ಆಗುತ್ತದೆ ಅನ್ನುವುದನ್ನು ಮರೆಯಬಾರದು. ಕಪ್ಪು ಗ್ರಾನೈಟ್ ನೆಲದ ಮೇಲೆ ಬಿಸಿಲು ಬಿದ್ದ ಜಾಗಕ್ಕೆ ಬರಿಗಾಲು ಇಟ್ಟರೆ ಸಾಕು, ಗೊತ್ತಾಗುತ್ತದೆ.

ಹೀಗೆ ಕಾದ ವಸ್ತುಗಳು ಸುಮ್ನೆ ಇರುವುದಿಲ್ಲ, ತಾವೂ ಇನ್‌ಫ್ರಾರೆಡ್ ಹೊರಸೂಸುತ್ತವೆ. ಚಿತ್ರದುರ್ಗದ ಬಂಡೆಗಳ ಹತ್ತಿರ ಸಂಜೆ ಓಡಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಸೂರ್ಯ ಮುಳುಗಿ ಎಷ್ಟೋ ಹೊತ್ತಾದರೂ ಕಲ್ಲಿನ ಝಳ ಮುಖಕ್ಕೆ ಹೊಡೆಯುತ್ತಲೇ ಇರುತ್ತದೆ. ಆದರೆ ಕಲ್ಲು, ಗೋಡೆ ಸೂಸುವ ಇನ್‌ಫ್ರಾರೆಡ್ ಬೇರೆ, ಸೂರ್ಯನದ್ದು ಬೇರೆ. ಸೂರ್ಯನದ್ದು ಚಿಕ್ಕ ಅಲೆ, ಸುಮಾರು 2.5 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು) ಒಳಗೆ. ಕೋಣೆಯ ವಸ್ತುಗಳದ್ದು ಉದ್ದ ಅಲೆ, 10 ಮೈಕ್ರಾನ್ ಆಸುಪಾಸು. ಸಾದಾ ಗಾಜು ಚಿಕ್ಕ ಅಲೆಯನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಉದ್ದ ಅಲೆಯನ್ನು ನೇರವಾಗಿ ಹೊರಗೆ ಬಿಡುವುದಿಲ್ಲ. ಬಂದ ಕಾವು ಒಳಗೇ ಸಿಕ್ಕಿಹಾಕಿಕೊಳ್ಳಲು ಇದೂ ಒಂದು ಕಾರಣ.

ಈ ಎರಡು ಬಗೆಯ ಇನ್‌ಫ್ರಾರೆಡ್ ನೆನಪಿನಲ್ಲಿದ್ದರೆ ಮುಂದಿನದೆಲ್ಲ ಸಲೀಸು.

ಕೋಟಿಂಗ್ ಏನು ಮಾಡುತ್ತದೆ

ಮಂಡಕ್ಕಿ ಭಟ್ಟಿಯಲ್ಲಿ ನೋಡಿದ್ದೀರಲ್ಲ, ಬಿಸಿ ಮರಳಿನಲ್ಲಿ ಅಕ್ಕಿ ಅರಳಿದ ಮೇಲೆ ಎಲ್ಲವನ್ನೂ ಒಟ್ಟಿಗೇ ಜರಡಿಗೆ ಸುರಿಯುತ್ತಾರೆ. ಮರಳು ಕೆಳಗಿಳಿಯುತ್ತದೆ, ಮಂಡಕ್ಕಿ ಮೇಲೆ ಉಳಿಯುತ್ತದೆ. ಬೇಕಾದ್ದನ್ನು ಬೇರೆ ಮಾಡುವುದು ಜರಡಿಯ ಕಣ್ಣಿನ ಅಳತೆ. ಗಾಜಿನ ಮೇಲಿನ ಕೋಟಿಂಗ್ ಕೂಡ ಅಂಥದ್ದೇ ಒಂದು ಜರಡಿ, ಕಿರಣಗಳನ್ನು ಅಲೆಯ ಉದ್ದ ನೋಡಿ ಬೇರೆ ಮಾಡುತ್ತದೆ. ಬೆಳಕಿಗೆ ದಾರಿ ಬಿಡುತ್ತದೆ, ಇನ್‌ಫ್ರಾರೆಡ್ಡನ್ನು ವಾಪಸ್ ಕಳಿಸುತ್ತದೆ.

ಈ ಜರಡಿ ಮಾಡುವುದು ಹೆಚ್ಚಾಗಿ ಬೆಳ್ಳಿಯಿಂದ. ಹೌದು, ಆಭರಣದ ಬೆಳ್ಳಿಯೇ. ಗಾಳಿ ತೆಗೆದ ದೊಡ್ಡ ಚೇಂಬರಿನೊಳಗೆ ಗಾಜನ್ನು ಸಾಗಿಸುತ್ತಾ ಅದರ ಮೇಲೆ ಬೆಳ್ಳಿಯ ಪದರ ಕೂರಿಸುತ್ತಾರೆ. ಪದರದ ದಪ್ಪ ಹತ್ತು ಹದಿನೈದು ನ್ಯಾನೊಮೀಟರ್, ಅಂದರೆ ಒಂದು ತಲೆಗೂದಲಿನ ದಪ್ಪದಲ್ಲಿ ಸಾವಿರಾರು ಪದರ ಹಿಡಿಸುತ್ತವೆ. ಅಷ್ಟು ತೆಳು ಇರುವುದರಿಂದಲೇ ಬೆಳಕು ಹಾದು ಹೋಗುತ್ತದೆ. ಬೆಳ್ಳಿಯ ಕೆಳಗೆ ಮೇಲೆ ಬೇರೆ ಆಕ್ಸೈಡುಗಳ ಪದರ ಇರುತ್ತವೆ, ಅವು ಬೆಳ್ಳಿಯನ್ನು ಕಾಯುತ್ತವೆ, ಕನ್ನಡಿಯಂಥ ಹೊಳಪನ್ನೂ ತಗ್ಗಿಸುತ್ತವೆ. ಬೆಳ್ಳಿ ಪದರ ಒಂದಿದ್ದರೆ ಸಿಂಗಲ್ ಸಿಲ್ವರ್, ಎರಡಿದ್ದರೆ ಡಬಲ್, ಮೂರಿದ್ದರೆ ಟ್ರಿಪಲ್. ಪದರ ಹೆಚ್ಚಿದಷ್ಟೂ ಜರಡಿ ನಯವಾಗುತ್ತದೆ, ಬೆಲೆಯೂ ಏರುತ್ತದೆ.

ಇದನ್ನು ಸಾಫ್ಟ್ ಕೋಟ್ ಎನ್ನುತ್ತಾರೆ. ಕೈಯಲ್ಲಿ ಉಜ್ಜಿದರೆ ಹಾಳು. ತೇವ ತಗುಲಿದರೆ, ಮನೆಯ ಬೆಳ್ಳಿ ದೀಪ ಕಪ್ಪಾಗುವ ಹಾಗೆ ಇದೂ ಕೆಡುತ್ತದೆ. ಆದ್ದರಿಂದ ಸಾಮಾನ್ಯವಾಗಿ ಇದನ್ನು ಎರಡು ಗಾಜಿನ ನಡುವೆ, ಮುಚ್ಚಿದ ಜಾಗದಲ್ಲೇ ಇಡಬೇಕು.

ಇನ್ನೊಂದು ಹಾರ್ಡ್ ಕೋಟ್. ಕರಗಿದ ತವರದ ಮೇಲೆ ಕರಗಿದ ಗಾಜನ್ನು ತೇಲಿಸಿ ಹಾಳೆ ಮಾಡುವ ವಿಧಾನವನ್ನು ಇಂಗ್ಲೆಂಡಿನ ಪಿಲ್ಕಿಂಗ್ಟನ್ ಕಂಪನಿ 1959ರಲ್ಲಿ ಪ್ರಕಟಿಸಿತು. ಇವತ್ತು ನಮ್ಮ ಕಿಟಕಿಗೆ ಬರುವ ಗಾಜೆಲ್ಲ ಹೆಚ್ಚುಕಡಿಮೆ ಹೀಗೇ ತಯಾರಾಗುವುದು. ಗಾಜು ಇನ್ನೂ ಕೆಂಡದಂತೆ ಕಾದಿರುವಾಗಲೇ ಅದರ ಮೇಲೆ ತವರದ ಆಕ್ಸೈಡಿನ ಪದರ ಕೂರಿಸಿದರೆ ಅದು ಗಾಜಿನ ಜೊತೆಗೇ ಬೆಸೆದುಕೊಳ್ಳುತ್ತದೆ. ಗಟ್ಟಿ, ಒಂಟಿ ಗಾಜಾಗಿಯೂ ಬಳಸಬಹುದು. ಆದರೆ ಕಾವು ತಡೆಯುವುದರಲ್ಲಿ ಬೆಳ್ಳಿಯ ಸಮಕ್ಕೆ ಬರುವುದಿಲ್ಲ.

ಕೊಟೇಶನ್‌ನಲ್ಲಿ ಇರಬೇಕಾದ ಮೂರು ಸಂಖ್ಯೆ

ಗಾಜಿನ ಕಂಪನಿಗಳು ಪ್ರತಿ ಮಾದರಿಗೂ ಒಂದು ತಾಂತ್ರಿಕ ಹಾಳೆ ಪ್ರಕಟಿಸುತ್ತವೆ. ಅದರಲ್ಲಿ ಹತ್ತಾರು ಅಂಕಿ ಇದ್ದರೂ ಮನೆಗೆ ಬೇಕಾದ್ದು ಮೂರೇ.

ಮೊದಲನೆಯದು ಎಸ್‌ಎಚ್‌ಜಿಸಿ. ಗಾಜಿನ ಮೇಲೆ ಬಿದ್ದ ಬಿಸಿಲಿನ ಶಕ್ತಿಯಲ್ಲಿ ಎಷ್ಟು ಭಾಗ ಕಾವಾಗಿ ಒಳಗೆ ಬರುತ್ತದೆ ಅನ್ನುವ ಲೆಕ್ಕ, 0ಯಿಂದ 1ರೊಳಗೆ. 6 ಎಂಎಂ ಸಾದಾ ಗಾಜಿಗೆ ಇದು ಸುಮಾರು 0.82. ನೂರರಲ್ಲಿ 82 ಪಾಲು ಒಳಗೆ ಬಂತು ಅಂತ. ಒಳ್ಳೆಯ ಡಬಲ್ ಸಿಲ್ವರ್ ಗಾಜಿಗೆ 0.30ರ ಆಸುಪಾಸು, ಇನ್ನೂ ಕಡಿಮೆ ಇರುವುದೂ ಉಂಟು. ಕೆಲವು ಹಾಳೆಗಳಲ್ಲಿ ಇದನ್ನೇ ಸೋಲಾರ್ ಫ್ಯಾಕ್ಟರ್ ಎಂದು ಬರೆದಿರುತ್ತಾರೆ.

ಎರಡನೆಯದು ವಿಎಲ್‌ಟಿ, ಬೆಳಕು ಎಷ್ಟು ಬರುತ್ತದೆ ಅನ್ನುವ ಶೇಕಡಾವಾರು. ಸಾದಾ ಗಾಜಿಗೆ 88ರ ಹತ್ತಿರ. ಇದು 20, 25ಕ್ಕೆ ಇಳಿದರೆ ಮಧ್ಯಾಹ್ನವೇ ಟ್ಯೂಬ್‌ಲೈಟ್ ಹಾಕಬೇಕಾಗುತ್ತದೆ, ಬಿಸಿಲು ತಡೆದು ಉಳಿಸಿದ್ದು ಹಾಗೆ ಹೋಗುತ್ತದೆ. ವಿಎಲ್‌ಟಿಯನ್ನು ಎಸ್‌ಎಚ್‌ಜಿಸಿಯಿಂದ ಭಾಗಿಸಿ ನೋಡುವುದು ಒಳ್ಳೆಯ ಉಪಾಯ. 50 ಶೇಕಡಾ ಬೆಳಕು, 0.30 ಕಾವು ಅಂದರೆ 0.50 ಭಾಗಿಸು 0.30, ಸುಮಾರು 1.67. ಸಾದಾ ಗಾಜಿಗೆ ಇದು 1ಕ್ಕಿಂತ ಚೂರು ಜಾಸ್ತಿ ಅಷ್ಟೇ. ಒಂದೂವರೆ ದಾಟಿದ್ದರೆ ಆ ಗಾಜು ಬೆಳಕು ಬಿಟ್ಟು ಕಾವು ತಡೆಯುವ ಕೆಲಸ ನಿಜಕ್ಕೂ ಮಾಡುತ್ತಿದೆ ಎಂದರ್ಥ. ಅರ್ಧದಷ್ಟು ಶಕ್ತಿ ಬೆಳಕಿನಲ್ಲೇ ಇರುವುದರಿಂದ ಇದು ಎಷ್ಟು ಬೇಕಾದರೂ ಏರುವುದಿಲ್ಲ, 2ರ ಆಸುಪಾಸು ಬಂದರೆ ಅದೇ ತುಂಬ ಒಳ್ಳೆಯದು.

ಮೂರನೆಯದು ಯು-ವ್ಯಾಲ್ಯೂ. ಒಳಗೂ ಹೊರಗೂ ಒಂದು ಡಿಗ್ರಿ ವ್ಯತ್ಯಾಸ ಇದ್ದಾಗ ಒಂದು ಚದರ ಮೀಟರ್ ಗಾಜಿನಲ್ಲಿ ಎಷ್ಟು ವ್ಯಾಟ್ ಕಾವು ದಾಟುತ್ತದೆ ಅನ್ನುವುದು. ಬಿಸಿಲು ಇರಲಿ ಬಿಡಲಿ, ರಾತ್ರಿಯೂ ಇದು ನಡೆಯುತ್ತಿರುತ್ತದೆ. ಒಂಟಿ ಗಾಜಿಗೆ 5.7ರ ಹತ್ತಿರ, ಸಾದಾ ಜೋಡಿ ಗಾಜಿಗೆ 2.8, ಲೋ-ಇ ಇರುವ ಜೋಡಿ ಗಾಜಿಗೆ 1.8 ಅಥವಾ ಅದಕ್ಕೂ ಕಡಿಮೆ.

'ಲೋ-ಇ'ಯಲ್ಲಿನ 'ಇ' ಎಮಿಸಿವಿಟಿ. ಕಾದ ಮೈ ಎಷ್ಟು ಚೆನ್ನಾಗಿ ಉದ್ದ ಅಲೆಯ ಕಾವು ಸೂಸುತ್ತದೆ ಅನ್ನುವ ಅಳತೆ ಅದು. ಸಾದಾ ಗಾಜಿಗೆ 0.84, ಬೆಳ್ಳಿ ಕೋಟಿಂಗಿಗೆ 0.1ಕ್ಕಿಂತ ಕಡಿಮೆ. ಗಮನಿಸಿ, ಇದು ಉದ್ದ ಅಲೆಯ ಲೆಕ್ಕ, ಕೋಣೆಯ ಕಾವಿನ ಲೆಕ್ಕ. ನೇರ ಬಿಸಿಲಿನ ಬಗ್ಗೆ 'ಲೋ-ಇ' ಅನ್ನುವ ಹೆಸರು ಏನನ್ನೂ ಹೇಳುವುದಿಲ್ಲ.

ಚಳಿ ದೇಶದ ಗಾಜು, ಬಿಸಿಲೂರಿನ ಗಾಜು

ಗೊಂದಲ ಶುರುವಾಗುವುದು ಇಲ್ಲೇ. ಲೋ-ಇ ಗಾಜಿನ ಸಂಶೋಧನೆಗೆ ವೇಗ ಸಿಕ್ಕಿದ್ದು 1973ರ ತೈಲ ಬಿಕ್ಕಟ್ಟಿನ ನಂತರ. ಅಮೆರಿಕ, ಯುರೋಪಿನ ಮನೆಗಳಲ್ಲಿ ಚಳಿಗಾಲಕ್ಕೆ ಹೀಟರ್ ಉರಿಸಿ ಮಾಡಿದ ಕಾವು ಕಿಟಕಿಯಿಂದ ಸೋರಿಹೋಗುತ್ತಿತ್ತು. ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದಂಥ ಕಡೆ ಕೆಲಸ ನಡೆದು 1980ರ ದಶಕದ ಶುರುವಿನಲ್ಲಿ ಇಂಥ ಕಿಟಕಿಗಳು ಮಾರುಕಟ್ಟೆಗೆ ಬಂದವು. ಅವರಿಗೆ ಬೇಕಾಗಿದ್ದು ಏನು? ಬಿಸಿಲು ಒಳಗೆ ಬರಲಿ, ಕೋಣೆಯ ಕಾವು ಹೊರಗೆ ಹೋಗದಿರಲಿ. ಹಾಗಾಗಿ ಅವರ ಲೋ-ಇಯಲ್ಲಿ ಎಸ್‌ಎಚ್‌ಜಿಸಿ ಜಾಸ್ತಿಯೇ ಇರುತ್ತದೆ, 0.6ರ ಮೇಲೂ ಇರಬಹುದು. ನಮಗೆ ಬೇಕಾದ್ದು ಇದರ ಉಲ್ಟಾ.

ಒಂದು ಕಿಟಕಿ ಹಿಡಿದು ಲೆಕ್ಕ ಹಾಕೋಣ. ಪಶ್ಚಿಮಕ್ಕೆ ಮುಖ ಮಾಡಿದ 4 ಅಡಿ ಎತ್ತರ, 5 ಅಡಿ ಅಗಲದ ಕಿಟಕಿ, ಅಂದರೆ 20 ಚದರಡಿ, ಚದರ ಮೀಟರ್ ಲೆಕ್ಕದಲ್ಲಿ 1.86. ಏಪ್ರಿಲ್ ಕೊನೆಯ ಒಂದು ಮೋಡವಿಲ್ಲದ ದಿನ ಸಂಜೆ ನಾಲ್ಕಕ್ಕೆ ಅದರ ಮೇಲೆ ಚದರ ಮೀಟರಿಗೆ ಸುಮಾರು 600 ವ್ಯಾಟ್ ಬಿಸಿಲು ಬೀಳುತ್ತದೆ ಎಂದುಕೊಳ್ಳಿ. ಒಟ್ಟು 1,100 ವ್ಯಾಟ್ ಚಿಲ್ಲರೆ. ಸಾದಾ ಗಾಜಾದರೆ ಇದರಲ್ಲಿ ಸುಮಾರು 900 ವ್ಯಾಟ್ ಒಳಗೆ. ಒಂದು ಟನ್ ಎಸಿ ಪೂರ್ತಿ ಓಡಿದರೆ ಹೊರಹಾಕುವುದು 3,500 ವ್ಯಾಟ್ ಕಾವು, ಅದರ ಕಾಲು ಭಾಗ ಈ ಒಂದೇ ಕಿಟಕಿಗೆ ಹೋಯಿತು. 0.30ರ ಗಾಜು ಹಾಕಿದರೆ ಒಳಗೆ ಬರುವುದು 330 ವ್ಯಾಟ್ ಆಸುಪಾಸು.

ಈಗ ಯು-ವ್ಯಾಲ್ಯೂ ನೋಡಿ. ಹೊರಗೆ 38 ಡಿಗ್ರಿ, ಒಳಗೆ 28. ವ್ಯತ್ಯಾಸ ಹತ್ತೇ ಡಿಗ್ರಿ. ಒಂಟಿ ಗಾಜಿನಲ್ಲಿ ದಾಟುವುದು 5.7 × 1.86 × 10, ಅಂದರೆ ಸುಮಾರು 106 ವ್ಯಾಟ್. ಲೋ-ಇ ಜೋಡಿ ಗಾಜಾದರೆ 33. ಉಳಿದದ್ದು ಎಪ್ಪತ್ತು ಚಿಲ್ಲರೆ ವ್ಯಾಟ್. ಅತ್ತ ಎಸ್‌ಎಚ್‌ಜಿಸಿ ಇಳಿಸಿದ್ದರಿಂದ ಉಳಿದದ್ದು ಸುಮಾರು 580 ವ್ಯಾಟ್! ಹೊರಗೆ ಮೈನಸ್ 20, ಒಳಗೆ ಪ್ಲಸ್ 20 ಇರುವ ದೇಶದಲ್ಲಿ ವ್ಯತ್ಯಾಸವೇ ನಲವತ್ತು ಡಿಗ್ರಿ, ಅದೂ ಇಡೀ ರಾತ್ರಿ. ಅವರು ಯು-ವ್ಯಾಲ್ಯೂ ಯು-ವ್ಯಾಲ್ಯೂ ಅನ್ನುವುದರಲ್ಲಿ ಅರ್ಥ ಇದೆ. ದಾವಣಗೆರೆಯಲ್ಲಿ ಬಿಸಿಲು ಬೀಳುವ ಕಿಟಕಿಗೆ ಮೊದಲು ಕೇಳಬೇಕಾದ್ದು ಎಸ್‌ಎಚ್‌ಜಿಸಿ.

ಹಾಗಾಗಿ "ಲೋ-ಇ ಕೊಡ್ರಿ" ಅಂದರೆ ಸಾಲದು. "ಸೋಲಾರ್ ಕಂಟ್ರೋಲ್ ಲೋ-ಇ ಬೇಕು, ಎಸ್‌ಎಚ್‌ಜಿಸಿ ಎಷ್ಟು, ವಿಎಲ್‌ಟಿ ಎಷ್ಟು, ಕೊಟೇಶನ್‌ನಲ್ಲೇ ಬರೆದುಕೊಡಿ, ಗಾಜಿನ ಕಂಪನಿ ಮತ್ತು ಮಾದರಿ ಹೆಸರೂ ಇರಲಿ" ಅನ್ನಿ. ಬರೆದುಕೊಡಲು ಹಿಂದೆಮುಂದೆ ನೋಡಿದರೆ ಬೇರೆ ಅಂಗಡಿಗೂ ಒಮ್ಮೆ ಹೋಗಿ ಬನ್ನಿ.

ಎಲ್ಲ ಕಿಟಕಿಗೂ ಬೇಕಾ? ದಿಕ್ಕು ನೋಡಿ

ಬೇಡ. ದಾವಣಗೆರೆ ಇರುವುದು ಸುಮಾರು 14.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಚಿತ್ರದುರ್ಗ 14.2ರಲ್ಲಿ. ಏಪ್ರಿಲ್ ಕೊನೆಯ ವಾರದಲ್ಲಿ ಒಮ್ಮೆ, ಆಗಸ್ಟ್ ಮಧ್ಯದಲ್ಲಿ ಇನ್ನೊಮ್ಮೆ ನಡುಮಧ್ಯಾಹ್ನದ ಸೂರ್ಯ ಇಲ್ಲಿ ನೆತ್ತಿಯ ಮೇಲೇ ಇರುತ್ತಾನೆ. ಈ ಎರಡರ ನಡುವಿನ ತಿಂಗಳುಗಳಲ್ಲಿ ಸ್ವಲ್ಪ ಉತ್ತರಕ್ಕೆ ವಾಲಿರುತ್ತಾನೆ. ಅಂದರೆ ಧಗೆ ಜೋರಾಗಿರುವ ಕಾಲದಲ್ಲಿ ದಕ್ಷಿಣದ ಕಿಟಕಿಗೆ ನೇರ ಬಿಸಿಲು ಬೀಳುವುದು ಬಹಳ ಕಡಿಮೆ. ಡಿಸೆಂಬರಿನಲ್ಲಿ ಬೀಳುತ್ತದೆ, ಆಗ ಮಧ್ಯಾಹ್ನದ ಸೂರ್ಯ 52 ಡಿಗ್ರಿ ಎತ್ತರದಲ್ಲಿ. ಎರಡು ಅಡಿ ಸಜ್ಜಾ ಇದ್ದರೆ ಅದರ ನೆರಳು ಎರಡೂವರೆ ಅಡಿ ಕೆಳಗೆ ಬರುತ್ತದೆ, ಸಾಕು.

ತೊಂದರೆ ಇರುವುದು ಪೂರ್ವ, ಪಶ್ಚಿಮಕ್ಕೆ, ಅದರಲ್ಲೂ ಪಶ್ಚಿಮಕ್ಕೆ. ಅಲ್ಲಿ ಸೂರ್ಯ ಓರೆಯಾಗಿ ಬರುತ್ತಾನೆ. ಮೇಲೆ ಹೇಳಿದ ಏಪ್ರಿಲ್ ಕೊನೆಯ ಸಂಜೆ ನಾಲ್ಕಕ್ಕೆ ಸೂರ್ಯನ ಎತ್ತರ ಸುಮಾರು 38 ಡಿಗ್ರಿ. ಅದೇ ಎರಡು ಅಡಿ ಸಜ್ಜಾದ ನೆರಳು ಒಂದೂವರೆ ಅಡಿಗೆ ನಿಲ್ಲುತ್ತದೆ, ನಾಲ್ಕು ಅಡಿ ಕಿಟಕಿಯ ಉಳಿದ ಎರಡೂವರೆ ಅಡಿ ಬಿಸಿಲಿಗೆ ತೆರೆದೇ ಇರುತ್ತದೆ. ಐದಕ್ಕೆ ನೆರಳು ಒಂದು ಅಡಿಯೂ ಇಲ್ಲ. ಬೆಳಗಿನ ಪೂರ್ವದ ಬಿಸಿಲೂ ಇಷ್ಟೇ ಓರೆ, ಆದರೆ ಆಗ ಗೋಡೆ, ಗಾಳಿ ಎಲ್ಲ ರಾತ್ರಿ ತಂಪಾಗಿರುತ್ತವೆ, ಅಷ್ಟು ಕಾಡುವುದಿಲ್ಲ. ಪಶ್ಚಿಮದ್ದು ಈಗಾಗಲೇ ಕಾದು ಕೂತ ಮನೆಗೆ ಬಂದು ಸೇರುತ್ತದೆ.

ಪಶ್ಚಿಮಕ್ಕೆ ಮುಖ ಇರುವ ಸೈಟು, ಎಲಿವೇಶನ್‌ಗೆ ದೊಡ್ಡ ಗಾಜು. ಕೋಟಿಂಗ್ ಗಾಜಿನ ದುಡ್ಡು ನಿಜವಾಗಿ ಸಾರ್ಥಕವಾಗುವುದು ಇಂಥ ಮನೆಯಲ್ಲಿ. ಉತ್ತರದ ಬೆಡ್‌ರೂಮಿಗೆ, ಪಕ್ಕದ ಮನೆಯ ಗೋಡೆ ಮೂರು ಅಡಿ ದೂರದಲ್ಲೇ ಎದ್ದಿರುವ ಅಡುಗೆಮನೆ ಕಿಟಕಿಗೆ ಸಾದಾ ಗಾಜೇ ಧಾರಾಳ.

ಹೊರಗೆ ನೆರಳು ಮಾಡಬಹುದಾದರೆ ಅದೇ ಮೊದಲ ಆಯ್ಕೆ. ಕಿಟಕಿ ಹೊರಗೆ ಬಿದಿರಿನ ಪರದೆ, ಲೂವರ್, ಒಂದು ಹೊಂಗೆ ಮರ, ಯಾವುದಾದರೂ ಸರಿ. ಗಾಜು ಮುಟ್ಟುವ ಮೊದಲೇ ಬಿಸಿಲು ನಿಂತರೆ ಅದಕ್ಕಿಂತ ಒಳ್ಳೆಯದಿಲ್ಲ. ಒಳಗಿನ ಕರ್ಟನ್ ಆ ಕೆಲಸ ಅಷ್ಟಾಗಿ ಮಾಡುವುದಿಲ್ಲ, ಬಿಸಿಲು ಆಗಲೇ ಗಾಜು ದಾಟಿ ಬಂದಾಗಿದೆ, ಕರ್ಟನ್ನೇ ಕಾದು ಕೋಣೆಗೆ ಕಾವು ಬಿಡುತ್ತದೆ.

ಡಿಜಿಯು ಅಂದರೆ

6-12-6 ಅಂದರೆ 6 ಎಂಎಂ ಗಾಜು, 12 ಎಂಎಂ ಖಾಲಿ ಜಾಗ, ಮತ್ತೆ 6 ಎಂಎಂ ಗಾಜು. ನಡುವೆ ಒಣ ಗಾಳಿ ಅಥವಾ ಆರ್ಗಾನ್ ಅನಿಲ. ಸುತ್ತಲೂ ಅಲ್ಯುಮಿನಿಯಂ ಪಟ್ಟಿ, ಅದರೊಳಗೆ ತೇವ ಹೀರುವ ಹರಳು, ಅಂಚಿಗೆ ಎರಡು ಸುತ್ತು ಸೀಲ್. ಈ ಸೀಲೇ ಇದರ ಜೀವ. ಸೀಲ್ ಬಿಟ್ಟರೆ ಒಳಗೆ ತೇವ ಹೋಗಿ ಎರಡು ಗಾಜಿನ ನಡುವೆ ಮಂಜು ಕಟ್ಟುತ್ತದೆ, ಯಾವ ಕಡೆಯಿಂದ ಒರೆಸಿದರೂ ಹೋಗುವುದಿಲ್ಲ. ಆಗ ಇಡೀ ಜೋಡಿಯನ್ನೇ ಬದಲಿಸಬೇಕು. ಸೀಲ್‌ಗೆ ಎಷ್ಟು ವರ್ಷ ಗ್ಯಾರಂಟಿ ಅಂತ ಕಾಗದದ ಮೇಲೆ ಕೇಳಿ.

ಗಾಜಿನ ಮೈಗಳನ್ನು ಹೊರಗಿನಿಂದ ಎಣಿಸುತ್ತಾರೆ: ಹೊರಮೈ 1, ಅದೇ ಗಾಜಿನ ಒಳಮೈ 2, ಎರಡನೇ ಗಾಜಿನದ್ದು 3 ಮತ್ತು 4. ಬಿಸಿಲೂರಿನಲ್ಲಿ ಕೋಟಿಂಗ್ 2ನೇ ಮೈಯಲ್ಲಿ ಇರಬೇಕು. ಹೊರಗಿನ ಗಾಜಿನಲ್ಲೇ ಕಾವು ತಡೆದರೆ ಅದು ಹೊರಗೇ ಹೋಗುತ್ತದೆ. ಜೋಡಿಸುವವರು ತಿರುಗಾಮುರುಗಾ ಕೂರಿಸಿದರೆ ಕೋಟಿಂಗ್ 3ನೇ ಮೈಗೆ ಬಂದು ಎಸ್‌ಎಚ್‌ಜಿಸಿ ಏರಿಬಿಡುತ್ತದೆ.

ಹೆದ್ದಾರಿ 48ರ ಪಕ್ಕದ ಮನೆಯವರು ಲಾರಿ ಸದ್ದಿಗೂ ಡಿಜಿಯು ಆಗುತ್ತಾ ಅಂತ ಕೇಳುತ್ತಾರೆ. ಸ್ವಲ್ಪ ತಗ್ಗುತ್ತದೆ, ಪೂರ್ತಿ ಅಲ್ಲ. ಸದ್ದಿಗೆ ಎರಡು ಗಾಜನ್ನು ಅಂಟಿಸಿ ಮಾಡಿದ ಲ್ಯಾಮಿನೇಟೆಡ್ ಗಾಜು ಹೆಚ್ಚು ಒಳ್ಳೆಯದು, ಅದರ ನಡುವಿನ ಪಾರದರ್ಶಕ ಹಾಳೆ ಯುವಿಯನ್ನೂ 99 ಶೇಕಡಾದಷ್ಟು ತಡೆಯುತ್ತದೆ. ಸೋಫಾ ಬಟ್ಟೆ, ಗೋಡೆಯ ಫೋಟೊ ಬಣ್ಣ ಮಾಸುವ ಚಿಂತೆ ಇದ್ದರೆ ಇದು ನೆನಪಿರಲಿ.

ಫ್ರೇಮ್ ಅಲ್ಯುಮಿನಿಯಂ ಆದರೆ ಅದರ ಮೂಲಕವೂ ಕಾವು ದಾಟುತ್ತದೆ, ಯುಪಿವಿಸಿ, ಮರದಲ್ಲಿ ಬಹಳ ಕಡಿಮೆ.

ಬಣ್ಣದ ಗಾಜು, ಕನ್ನಡಿ ಗಾಜು, ಫಿಲ್ಮ್

ಕಂದು, ಹಸಿರು, ನೀಲಿ ಟಿಂಟೆಡ್ ಗಾಜು ಕಾವನ್ನು ವಾಪಸ್ ಕಳಿಸುವುದಕ್ಕಿಂತ ಹೆಚ್ಚಾಗಿ ತಾನೇ ಹೀರುತ್ತದೆ. ಮಧ್ಯಾಹ್ನ ಅದನ್ನು ಮುಟ್ಟಿದರೆ ಕೈ ಚುರ್ ಅನ್ನುತ್ತದೆ. ಹೀರಿದ್ದರಲ್ಲಿ ಒಂದು ಪಾಲು ಒಳಗೇ ಬರುತ್ತದೆ, ಬೆಳಕೂ ಕಡಿಮೆಯಾಗುತ್ತದೆ. ಕನ್ನಡಿಯಂಥ ರಿಫ್ಲೆಕ್ಟಿವ್ ಗಾಜು ಬಿಸಿಲನ್ನು ಚೆನ್ನಾಗಿಯೇ ತಳ್ಳುತ್ತದೆ, ಜೊತೆಗೆ ಬೆಳಕನ್ನೂ ತಳ್ಳುತ್ತದೆ. ಹಗಲು ಹೊರಗಿನವರಿಗೆ ಒಳಗಿನದು ಕಾಣುವುದಿಲ್ಲ ಅಂತ ಇದನ್ನು ಇಷ್ಟಪಡುವವರು ಇದ್ದಾರೆ. ರಾತ್ರಿ ಲೈಟ್ ಹಾಕಿದ ಮೇಲೆ ಅದು ಉಲ್ಟಾ, ಬೀದಿಗೆಲ್ಲ ಕಾಣುತ್ತದೆ.

ಕಿಟಕಿ ಆಗಲೇ ಇದೆ, ಬದಲಿಸಲು ಮನಸ್ಸಿಲ್ಲ ಅಂದರೆ ಫಿಲ್ಮ್. ಒಳ್ಳೆಯ ಫಿಲ್ಮ್‌ಗೂ ಎಸ್‌ಎಚ್‌ಜಿಸಿ, ವಿಎಲ್‌ಟಿ ಅಂಕಿ ಇರುತ್ತವೆ, ಅಂಕಿ ಇಲ್ಲದ ಕರಿ ಹಾಳೆ ಅಂಟಿಸಿಕೊಳ್ಳಬೇಡಿ. ಒಂದು ಎಚ್ಚರಿಕೆ: ಟಿಂಟೆಡ್ ಗಾಜು, ಡಿಜಿಯು ಮೇಲೆ ತಪ್ಪು ಫಿಲ್ಮ್ ಅಂಟಿಸಿದರೆ ಗಾಜು ಅತಿಯಾಗಿ ಕಾದು, ನೆರಳಿನಲ್ಲಿರುವ ಅಂಚಿಗೂ ಬಿಸಿಲಿನಲ್ಲಿರುವ ನಡುವಿಗೂ ಉಷ್ಣತೆಯ ವ್ಯತ್ಯಾಸ ಜಾಸ್ತಿಯಾಗಿ ಬಿರುಕು ಬಿಡಬಹುದು. ಕೋಟಿಂಗ್ ಗಾಜನ್ನೂ ಟಫನ್ ಮಾಡಿಸುವುದು ಇದೇ ಭಯಕ್ಕೆ. ಟಫನ್ಡ್ ಗಾಜು ಸಾದಾ ಗಾಜಿಗಿಂತ ನಾಲ್ಕೈದು ಪಟ್ಟು ಗಟ್ಟಿ, ಒಡೆದರೂ ಚೂಪಲ್ಲದ ಸಣ್ಣ ಚೂರಾಗುತ್ತದೆ.

ದುಡ್ಡಿನ ಲೆಕ್ಕ

ಮತ್ತೆ ಅದೇ ಪಶ್ಚಿಮದ ಕಿಟಕಿ. ಸಂಜೆವರೆಗೆ ಸುಮಾರು 4 ಗಂಟೆ, ಸರಾಸರಿ 600 ವ್ಯಾಟ್ ಕಾವು ಕಡಿಮೆಯಾಯಿತು ಎಂದು ಉದಾರವಾಗಿಯೇ ಹಿಡಿಯೋಣ. 2.4 ಯೂನಿಟ್‌ನಷ್ಟು ಕಾವು. ಎಸಿ ಒಂದು ಯೂನಿಟ್ ಕರೆಂಟಿನಲ್ಲಿ ಸುಮಾರು ನಾಲ್ಕು ಯೂನಿಟ್ ಕಾವು ಹೊರಹಾಕುತ್ತದೆ. ಅಂದರೆ ಕರೆಂಟ್ ಉಳಿತಾಯ ದಿನಕ್ಕೆ 0.6 ಯೂನಿಟ್, ತಿಂಗಳಿಗೆ 18. ಯೂನಿಟ್‌ಗೆ 6 ರೂಪಾಯಿ ಹಿಡಿದರೂ ನೂರು ಚಿಲ್ಲರೆ ರೂಪಾಯಿ, ಅದೂ ಬೇಸಿಗೆಯ ಮೂರು ತಿಂಗಳು, ಅದೂ ಎಸಿ ಇದ್ದರೆ. ಬಿಲ್ ಉಳಿತಾಯದಿಂದಲೇ ಗಾಜಿನ ದುಡ್ಡು ವಾಪಸ್ ಬರುತ್ತದೆ ಅನ್ನುವ ಮಾತು ನಮ್ಮ ಅಳತೆಯ ಮನೆಗಳಿಗೆ ಹೊಂದುವುದಿಲ್ಲ.

ರಾಜ್ಯ ಸರ್ಕಾರದ ಉಚಿತ ಕರೆಂಟ್ ಯೋಜನೆ ಗೃಹಜ್ಯೋತಿ ಇನ್ನೊಂದು ತಿರುವು. ತನಗೆ ನಿಗದಿಯಾದ ಉಚಿತ ಯೂನಿಟ್ ಮಿತಿಯೊಳಗೇ ಆರಾಮಾಗಿ ಇರುವ ಮನೆಗೆ ಕರೆಂಟ್ ಉಳಿತಾಯ ದುಡ್ಡಾಗಿ ಕೈಗೆ ಸಿಗುವುದಿಲ್ಲ. ಆದರೆ ತಿಂಗಳಿಗೆ 200 ಯೂನಿಟ್ ದಾಟಿದರೆ ಬಿಲ್ ಪೂರ್ತಿ ಕಟ್ಟಬೇಕು. ಬೇಸಿಗೆಯಲ್ಲಿ 205, 210ಕ್ಕೆ ಹೋಗಿ ಬೆಸ್ಕಾಂ ಬಿಲ್ ನೋಡಿ ಬೇಸರಪಡುವ ಮನೆಗಳಲ್ಲಿ ಆ 18 ಯೂನಿಟ್‌ಗೆ ಬೇರೆಯೇ ಬೆಲೆ.

ಲೆಕ್ಕಕ್ಕೆ ಸಿಗದ ಲಾಭವೂ ಇದೆ. ಸಂಜೆ ನಾಲ್ಕಕ್ಕೆ ಕಿಟಕಿ ಪಕ್ಕದ ಸೋಫಾದಲ್ಲಿ ಕೂರಲು ಆಗುತ್ತದೋ ಇಲ್ಲವೋ ಅನ್ನುವುದು. ಹಗಲು ನೆಲ ಗೋಡೆ ಕಾಯದಿದ್ದರೆ ರಾತ್ರಿ ಮಲಗುವಾಗ ಅವು ಕಾವು ಬಿಡುವುದೂ ಕಡಿಮೆ.

ಮೇಲಿನ ಮಹಡಿಯವರು ಮೊದಲು ತಾರಸಿ ನೋಡಿಕೊಳ್ಳಿ. ಆರ್‌ಸಿಸಿ ಸ್ಲ್ಯಾಬ್ ಇಡೀ ದಿನ ಬಿಸಿಲು ಕುಡಿಯುತ್ತದೆ, ಅದಕ್ಕೆ ಬಿಳಿ ಬಣ್ಣವೋ ಬಿಳಿ ಟೈಲ್ಸೋ ಹಾಕಿಸುವ ಖರ್ಚು ಗಾಜಿಗಿಂತ ಕಡಿಮೆ, ಪರಿಣಾಮ ಜಾಸ್ತಿ. ನಮ್ಮ ಕಡೆಯ ಹಳೇ ಮಾಳಿಗೆ ಮನೆಗಳಲ್ಲಿ ದಪ್ಪ ಮಣ್ಣಿನ ಚಾವಣಿ, ದಪ್ಪ ಗೋಡೆ, ಸಣ್ಣ ಕಿಟಕಿ, ಮೇಲೊಂದು ಬೆಳಕಿಂಡಿ ಅಷ್ಟೇ. ಗಾಜಿನ ಪ್ರಶ್ನೆಯೇ ಅಲ್ಲಿ ಏಳುತ್ತಿರಲಿಲ್ಲ. ಹಾಗೆಯೇ ಕಿಟಕಿ ತೆರೆದಿಟ್ಟು ಸೊಳ್ಳೆ ಮೆಶ್ ಮಾತ್ರ ಹಾಕಿಕೊಂಡು ಇರುವವರಿಗೆ ತೆರೆದ ಭಾಗದಲ್ಲಿ ಯಾವ ಕೋಟಿಂಗೂ ಇಲ್ಲ. ರಾತ್ರಿ ಗಾಳಿ ಚೆನ್ನಾಗಿ ಬರುವ ಊರು ನಮ್ಮದು, ಅದಕ್ಕೆ ಅರ್ಧ ಮಾತ್ರ ತೆರೆಯುವ ಸ್ಲೈಡಿಂಗ್‌ಗಿಂತ ಪೂರ್ತಿ ತೆರೆಯುವ ಬಾಗಿಲಿನ ಕಿಟಕಿಯೇ ಮೇಲು.

ನಿಯಮದ ಮಾತಿಗೆ ಬಂದರೆ, ಕೇಂದ್ರದ ಇಂಧನ ದಕ್ಷತಾ ಬ್ಯೂರೊ 2018ರಲ್ಲಿ ಮನೆಗಳಿಗಾಗಿ 'ಇಕೋ ನಿವಾಸ್ ಸಂಹಿತೆ' ತಂದಿತ್ತು. ಹೊರಗೋಡೆ, ಕಿಟಕಿಗಳಿಂದ ಒಳಬರುವ ಕಾವು ಚದರ ಮೀಟರಿಗೆ ಸರಾಸರಿ 15 ವ್ಯಾಟ್ ಮೀರಬಾರದು, ಹೊರಗೋಡೆಯಲ್ಲಿ ಕಿಟಕಿ 30 ಶೇಕಡಾದೊಳಗೆ ಇದ್ದರೆ ಗಾಜಿನ ವಿಎಲ್‌ಟಿ 27ಕ್ಕಿಂತ ಕಡಿಮೆ ಇರಬಾರದು ಎಂಬೆಲ್ಲ ನಿಯಮ ಅದರಲ್ಲಿದ್ದವು. ಆದರೆ ಅದನ್ನು ಬರೆದದ್ದು 500 ಚದರ ಮೀಟರ್ ಅಥವಾ ಅದಕ್ಕಿಂತ ದೊಡ್ಡ ನಿವೇಶನಗಳಿಗೆ. 30-40 ಸೈಟು 111 ಚದರ ಮೀಟರ್ ಆಗುತ್ತದೆ. 27ರ ಅಂಕಿಯನ್ನು ಮಾತ್ರ ನಾವೂ ಇಟ್ಟುಕೊಳ್ಳಬಹುದು, ಅದಕ್ಕಿಂತ ಕತ್ತಲೆ ಗಾಜು ಬೇಡ.

ಗಾಜು ಬಂದ ದಿನ

ಟಫನ್ ಮಾಡಿದ ಮೇಲೆ ಗಾಜನ್ನು ಕತ್ತರಿಸಲು ಬರುವುದಿಲ್ಲ, ತೂತು ಕೊರೆಯಲೂ ಬರುವುದಿಲ್ಲ. ಹಾಗಾಗಿ ಗೋಡೆಯ ಕೆಲಸ ಮುಗಿದು ಅಳತೆ ಪಕ್ಕಾ ಆದ ಮೇಲೇ ಆರ್ಡರ್ ಕೊಡಿ. ಬಂದ ಗಾಜಿನ ಮೂಲೆಯಲ್ಲಿ ಟಫನ್ಡ್ ಮುದ್ರೆ ಇದೆಯಾ ನೋಡಿ.

ಕೋಟಿಂಗ್ ಇದೆಯೋ ಇಲ್ಲವೋ ಅಂತ ಬರಿಗಣ್ಣಿಗೆ ಗೊತ್ತಾಗುವುದು ಕಷ್ಟ. ಆದರೆ ಡಿಜಿಯು ಪರೀಕ್ಷೆ ಸುಲಭ. ಕತ್ತಲಾದ ಮೇಲೆ ಗಾಜಿನ ಹತ್ತಿರ ಲೈಟರ್ ಹಚ್ಚಿ ಸ್ವಲ್ಪ ಓರೆಯಾಗಿ ನೋಡಿ. ಒಂದರ ಹಿಂದೆ ಒಂದು ನಾಲ್ಕು ಜ್ವಾಲೆ ಕಾಣುತ್ತವೆ, ನಾಲ್ಕು ಮೈಗೆ ನಾಲ್ಕು. ಅದರಲ್ಲಿ ಮೂರು ಒಂದೇ ಬಣ್ಣ, ಒಂದು ಮಾತ್ರ ಬೇರೆ ಛಾಯೆ, ಅದೇ ಕೋಟಿಂಗ್ ಇರುವ ಮೈ. ಮನೆಯೊಳಗೆ ನಿಂತು ನೋಡಿದರೆ ನಿಮ್ಮ ಕಡೆಯಿಂದ ಮೂರನೆಯದು ಬೇರೆ ಬಣ್ಣ ಇರಬೇಕು, ಆಗ ಕೋಟಿಂಗ್ 2ನೇ ಮೈಯಲ್ಲಿದೆ. ಎರಡನೆಯದು ಬೇರೆ ಬಣ್ಣ ಇದ್ದರೆ ತಿರುವಿ ಕೂರಿಸಿದ್ದಾರೆ. ನಾಲ್ಕೂ ಒಂದೇ ಬಣ್ಣ ಇದ್ದರೆ ಬಿಲ್ ಕಟ್ಟುವ ಮೊದಲು ಅಂಗಡಿಯವರನ್ನು ಕರೆಸಿ.

ಲೋಹದ ಕೋಟಿಂಗ್ ಮೊಬೈಲ್ ಸಿಗ್ನಲ್ಲನ್ನೂ ಸ್ವಲ್ಪ ತಡೆಯುತ್ತದೆ. ಒಂದು ಗೋಡೆಗೆ ಮಾತ್ರ ಹಾಕಿಸಿದರೆ ಸಾಮಾನ್ಯವಾಗಿ ಗೊತ್ತೇ ಆಗುವುದಿಲ್ಲ, ಸುತ್ತಲೂ ಗಾಜಿನ ಕೋಣೆ ಮಾಡಿಸಿದವರಿಗೆ ಗೊತ್ತಾಗುತ್ತದೆ.

ಪ್ಲಾಸ್ಟರ್, ಪೇಂಟ್, ಗ್ರಿಲ್ ವೆಲ್ಡಿಂಗ್ ಮುಗಿಯುವ ತನಕ ಗಾಜಿಗೆ ಪ್ಲಾಸ್ಟಿಕ್ ಹಾಳೆ ಹೊದಿಸಿಡಲು ಮೇಸ್ತ್ರಿಗೆ ಹೇಳಿ. ಸಿಮೆಂಟ್ ನೀರು ಒಣಗಿದ ಕಲೆ ಗಾಜನ್ನೇ ತಿನ್ನುತ್ತದೆ, ವೆಲ್ಡಿಂಗ್ ಕಿಡಿ ಅಂಟಿಕೊಂಡರೆ ತೆಗೆಯಲು ಬರುವುದಿಲ್ಲ. ತೊಳೆಯುವುದಕ್ಕೆ ಮೆದು ಬಟ್ಟೆ, ಸ್ವಲ್ಪ ಸೋಪಿನ ನೀರು ಸಾಕು. ಹಾರ್ಡ್ ಕೋಟ್ ಒಂಟಿ ಗಾಜಿನ ಕೋಟಿಂಗ್ ಮೈಗೆ ಪಾತ್ರೆ ತಿಕ್ಕುವ ಪುಡಿ, ಸ್ಟೀಲ್ ನಾರು ಮುಟ್ಟಿಸಬೇಡಿ. ಬೋರ್‌ವೆಲ್ ನೀರಿನಲ್ಲಿ ತೊಳೆದರೆ ಒಣಗಿದ ಮೇಲೆ ಬಿಳಿ ಉಪ್ಪಿನ ಚುಕ್ಕೆ ಕೂರುತ್ತದೆ, ತೊಳೆದ ತಕ್ಷಣ ಒಣ ಬಟ್ಟೆಯಿಂದ ಒರೆಸಿಬಿಡಿ.